ಸೆಂಟು ಕೊಳ್ಳುವ ಮುಂಚೆ ಮೂಸಿ ನೋಡುವ ಯಂತ್ರ: ನಾಲ್ಕನೇ ಗುಂಡಿಗೇ ಎಲ್ಲ ವಾಸನೆ ಕಲಸಿಹೋಗುತ್ತಿದೆ

ಸೂಜಿಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಸುಗಂಧದ ಅಂಗಡಿಯ ಕೌಂಟರಿಗೆ ಎಂಟು ಸೆಂಟುಗಳನ್ನು ಮೂಸಿ ನೋಡುವ ಯಂತ್ರ ಮಾಡುತ್ತಿದ್ದೇನೆ. ಗಿರಾಕಿ ಗುಂಡಿ ಒತ್ತಿದರೆ ಆ ಸೆಂಟಿನ ವಾಸನೆ ಐದು ಸೆಕೆಂಡು ಮೂಗಿಗೆ ಬರಬೇಕು. ಮುಂದಿನ ಗುಂಡಿ ಒತ್ತುವಷ್ಟರಲ್ಲಿ ಮೊದಲಿನದು ಪೂರ್ತಿ ಹೋಗಿರಬೇಕು. ಬಾಟಲಿಯಿಂದ ಗಾಳಿಗೆ ಹೊಡೆದು ತೋರಿಸುವ ಪದ್ಧತಿಯಲ್ಲಿ ಅಂಗಡಿಯ ತುಂಬ ಕಲಬೆರಕೆ ವಾಸನೆ ಕೂತುಬಿಡುತ್ತದೆ, ಸಂಜೆ ಬಂದವರಿಗೆ ಯಾವುದೂ ಸರಿಯಾಗಿ ತಿಳಿಯುವುದಿಲ್ಲ. ಅದನ್ನು ತಪ್ಪಿಸಬೇಕು.

ಈಗಿನ ಜೋಡಣೆ ಹೀಗಿದೆ. 20 ಮಿ.ಲೀ.ನ ಎಂಟು ಗಾಜಿನ ಶೀಶೆ, ಒಂದೊಂದರಲ್ಲೂ 3 ಮಿ.ಲೀ. ಸೆಂಟು. ಮೀನಿನ ತೊಟ್ಟಿಗೆ ಹಾಕುವ ಡಯಾಫ್ರಾಮ್ ಪಂಪು, ನಿಮಿಷಕ್ಕೆ 3 ಲೀಟರ್. ಪಂಪಿನಿಂದ ಬಂದ ಗಾಳಿ ಶೀಶೆಯೊಳಗೆ ದ್ರವದ ತಳಕ್ಕೆ ಇಳಿದು ಗುಳ್ಳೆಯಾಗಿ ಮೇಲೆ ಬರುತ್ತದೆ. ಅಲ್ಲಿಂದ 12 ವೋಲ್ಟಿನ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವಂಥದ್ದು), ಅದಾದ ಮೇಲೆ ಎಂಟೂ ಸೇರುವ ಒಂದು ಮ್ಯಾನಿಫೋಲ್ಡ್ (ಪ್ಲಾಸ್ಟಿಕ್ಕಿನ ಬಗೆಯಾದ ಪಿಎಲ್‌ಎಯಲ್ಲಿ 3ಡಿ ಪ್ರಿಂಟ್ ಮಾಡಿದ್ದು), ಕೊನೆಗೆ ಅಕ್ರಿಲಿಕ್ ಕೊಳವೆಯ ಬಾಯಿ. ಟ್ಯೂಬೆಲ್ಲ 4 ಮಿ.ಮೀ. ಒಳವ್ಯಾಸದ ಸಿಲಿಕೋನ್.

ತೊಂದರೆಗಳು:
ಒಂದು, ನಾಲ್ಕನೇ ಗುಂಡಿಯ ಹೊತ್ತಿಗೆ ಎಲ್ಲದರಲ್ಲೂ ಊದ್ (ಅಗರು ಮರದ ಗಾಢ ಗಂಧ) ವಾಸನೆ. ರಾತ್ರಿಯಿಡೀ ಬರೀ ಗಾಳಿ ಬಿಟ್ಟರೂ ಬೆಳಿಗ್ಗೆ ಹಾಗೇ ಇರುತ್ತದೆ.
ಎರಡು, ಮೊದಲು ಮೂಗಿಗೆ ಹೊಡೆಯುವುದು ಸ್ಪಿರಿಟ್ ಘಾಟು.
ಮೂರು, ಮೂರನೇ ದಿನಕ್ಕೆ ಕಿತ್ತಳೆ-ನಿಂಬೆಯ ಸೆಂಟುಗಳು ಸಪ್ಪೆ, ಬೇರೆಯವು ಹಾಗೇ ಇವೆ.
ನಾಲ್ಕು, ಅಕ್ರಿಲಿಕ್ ಬಾಯಿಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು.

ಪಂಪು ದೊಡ್ಡದು ಹಾಕಿದರೆ ಸರಿಹೋಗುತ್ತದೆಯೇ?

ಗಾಳಿಗಂಡಿ

ಪಂಪು ದೊಡ್ಡದು ಮಾಡಬೇಡಿ, ಇನ್ನಷ್ಟು ಕೆಡುತ್ತದೆ. ವಾಸನೆ ಹೊರಡಿಸುವುದು ಸುಲಭದ ಅರ್ಧ. ಹೊರಟ ವಾಸನೆಯನ್ನು ಯಂತ್ರದೊಳಗಿಂದ ತೊಲಗಿಸುವುದೇ ಕಷ್ಟದ ಅರ್ಧ, ಮತ್ತು ನಿಮ್ಮ ಜೋಡಣೆಯಲ್ಲಿ ವಾಸನೆ ಮುಟ್ಟುವ ಪ್ರತಿಯೊಂದು ವಸ್ತುವೂ ಅದನ್ನು ಕುಡಿದು ಇಟ್ಟುಕೊಳ್ಳುವಂಥದ್ದು.

ಸಿಲಿಕೋನ್ ಅದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಅದರೊಳಗೆ ಲಿಮೋನೀನ್ (ಕಿತ್ತಳೆ-ನಿಂಬೆಯ ವಾಸನೆಯ ಅಂಶ), ಮಸ್ಕ್ (ಕಸ್ತೂರಿಯಂಥ ಗಂಧ), ಊದ್‌ನ ಭಾರದ ಅಂಶಗಳು ಹೀರಿಕೊಂಡು ಹೋಗುತ್ತವೆ, ಆಮೇಲೆ ದಿನಗಟ್ಟಲೆ ನಿಧಾನವಾಗಿ ವಾಪಸ್ ಬರುತ್ತವೆ. ನೀವು ರಾತ್ರಿಯಿಡೀ ಬಿಟ್ಟ ಗಾಳಿ ಟ್ಯೂಬಿನ ಮೇಲ್ಮೈಯನ್ನಷ್ಟೇ ತೊಳೆದಿದೆ, ಗೋಡೆಯ ಒಳಗಿರುವುದನ್ನಲ್ಲ. ರಬ್ಬರ್, ಪಿವಿಸಿ, ಪಿಎಲ್‌ಎ, ಎಬಿಎಸ್ ಎಲ್ಲದರ ಕಥೆಯೂ ಇಷ್ಟೇ. ಪ್ರಿಂಟ್ ಮಾಡಿದ ಭಾಗದಲ್ಲಿ ಪದರಗಳ ನಡುವಿನ ಸಂದುಗಳೂ ಸೇರಿ ಇನ್ನೂ ಕೆಟ್ಟದು. ವಾಸನೆ ಅಳೆಯುವ ಪ್ರಯೋಗಾಲಯಗಳಲ್ಲಿ ಗಾಜು, ಸ್ಟೇನ್‌ಲೆಸ್ ಸ್ಟೀಲ್, ಪಿಟಿಎಫ್‌ಇ ಅಂದರೆ ಟೆಫ್ಲಾನ್, ಅದರ ಬಳಗದ ಎಫ್‌ಇಪಿ, ಮುಖ್ಯವಾಗಿ ಇಂಥವನ್ನೇ ಬಳಸುವುದು ಇದೇ ಕಾರಣಕ್ಕೆ. ನೀವೂ ವಾಸನೆ ಮುಟ್ಟುವ ಕಡೆಯೆಲ್ಲ ಇವನ್ನಷ್ಟೇ ಇಡಿ.

ಟೆಫ್ಲಾನ್ ಟ್ಯೂಬು ದುಬಾರಿ ಅಂದುಕೊಳ್ಳಬೇಡಿ. 3ಡಿ ಪ್ರಿಂಟರಿನ ಫಿಲಮೆಂಟ್ ಹೋಗುವ 4 ಮಿ.ಮೀ. ಹೊರವ್ಯಾಸ, 2 ಮಿ.ಮೀ. ಒಳವ್ಯಾಸದ ಬಿಳಿ ಟ್ಯೂಬು ಅದೇ ವಸ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅಕ್ರಿಲಿಕ್ ಬಿರುಕು ಬಿಟ್ಟದ್ದು ಎಥನಾಲ್, ಅಂದರೆ ಸೆಂಟಿನಲ್ಲಿರುವ ಸ್ಪಿರಿಟ್ಟಿನ ಆವಿಯಿಂದ. ಕತ್ತರಿಸಿದ ಅಂಚಿನಲ್ಲಿ ಮೊದಲೇ ಒತ್ತಡ ಕೂತಿರುತ್ತದೆ, ಆವಿ ತಾಗಿದ ಕೂಡಲೇ ಅಲ್ಲಿಂದ ಸೀಳುತ್ತದೆ. ಅದರ ಜಾಗಕ್ಕೆ ಪ್ರಯೋಗಾಲಯದ 75 ಮಿ.ಮೀ. ಗಾಜಿನ ಆಲಿಕೆ ಹಾಕಿ.

ಇನ್ನು ಜೋಡಣೆಯ ಕ್ರಮ. ಮುಖ್ಯ ಬದಲಾವಣೆ ಇಲ್ಲಿದೆ:

ವಾಲ್ವ್‌ಗಳನ್ನು ಶೀಶೆಯ ಹಿಂದಕ್ಕೆ, ಶುದ್ಧ ಗಾಳಿಯ ಕಡೆಗೆ ತನ್ನಿ. ಪಂಪು, ಇದ್ದಿಲಿನ ಫಿಲ್ಟರ್, ವಾಲ್ವ್, ಶೀಶೆ, ಬಾಯಿ, ಈ ಸಾಲು. ಆಗ ವಾಲ್ವಿನೊಳಗಿನ ರಬ್ಬರ್ ಸೀಲು ಸೆಂಟಿನ ಆವಿಯನ್ನು ಕಾಣುವುದೇ ಇಲ್ಲ. ಪುಶ್-ಫಿಟ್ ಕನೆಕ್ಟರ್‌ಗಳೂ ಈ ಕಡೆ ಮಾತ್ರ, ಅವುಗಳ ಒಳಗೆ ನೈಟ್ರೈಲ್ ರಬ್ಬರಿನ ಓ-ರಿಂಗ್ ಇರುತ್ತದೆ. ಪಂಪನ್ನು ಎಂದಿಗೂ ವಾಸನೆಯ ನಂತರ ಇಡಬೇಡಿ. ಒಮ್ಮೆ ಡಯಾಫ್ರಾಮಿಗೆ ಊದ್ ಹತ್ತಿದರೆ ಆ ಪಂಪನ್ನು ಎಸೆಯುವುದೊಂದೇ ದಾರಿ.

ಮ್ಯಾನಿಫೋಲ್ಡ್ ತೆಗೆದುಬಿಡಿ. ಎಂಟು ಶೀಶೆಯಿಂದ ಎಂಟು ಟ್ಯೂಬು ಬೇರೆ ಬೇರೆಯಾಗಿಯೇ ಆಲಿಕೆಯ ತನಕ ಬಂದು, ಆಲಿಕೆಯ ಕತ್ತಿನೊಳಗೆ ಬಳೆಯಂತೆ ಸುತ್ತ ನಿಲ್ಲಲಿ. ಮಧ್ಯದಲ್ಲಿ ಬರೀ ಶುದ್ಧ ಗಾಳಿಯ ಒಂಬತ್ತನೇ ಟ್ಯೂಬು. ಎಲ್ಲ ವಾಸನೆಗೂ ಸಮಾನವಾಗಿ ತಾಗುವುದು ಆಲಿಕೆಯ ಗಾಜು ಒಂದೇ, ಅದನ್ನು ಮಧ್ಯದ ಗಾಳಿ ಸದಾ ತೊಳೆಯುತ್ತಿರುತ್ತದೆ.

«ಬಾಯಿ ತೆರೆದೇ ಇದ್ದರೆ ಸೆಂಟು ಆವಿಯಾಗಿ ಹೋಗುವುದಿಲ್ಲವೇ» ಎಂದು ಕೇಳುತ್ತೀರಿ. ಲೆಕ್ಕ ಹಾಕಿ ನೋಡಿ: 2 ಮಿ.ಮೀ. ಒಳವ್ಯಾಸ, 15 ಸೆಂ.ಮೀ. ಉದ್ದದ ಟ್ಯೂಬಿನಲ್ಲಿ ತಾನಾಗಿ ಹರಡಿ ಹೊರಹೋಗುವ ಎಥನಾಲ್ ದಿನಕ್ಕೆ ಸುಮಾರು 3 ಮಿಲಿಗ್ರಾಂ ಅಷ್ಟೇ. ನಿಮ್ಮ 4 ಮಿ.ಮೀ. ಟ್ಯೂಬಿನಲ್ಲಿ ಅದರ ನಾಲ್ಕು ಪಟ್ಟು. ತೆಳ್ಳಗೆ, ಉದ್ದಕ್ಕೆ ಇದ್ದಷ್ಟೂ ಒಳ್ಳೆಯದು. ಇದಕ್ಕಿಂತ ದೊಡ್ಡ ಸೋರಿಕೆ ಹಗಲು ಶೀಶೆ ಬಿಸಿಯಾದಾಗ ಆಗುತ್ತದೆ. ಹತ್ತು ಡಿಗ್ರಿ ಏರಿದರೆ 20 ಮಿ.ಲೀ. ಶೀಶೆಯಿಂದ ಒಂದೂವರೆ ಮಿ.ಲೀ.ನಷ್ಟು ಆವಿ ಬಾಯಿಯ ಕಡೆಗೆ ನೂಕಿ ಬರುತ್ತದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಯಂತ್ರ ಇಡಬೇಡಿ.

ಗುಳ್ಳೆ ಬರಿಸುವುದನ್ನೂ ನಿಲ್ಲಿಸಿ. ಗುಳ್ಳೆ ಒಡೆದಾಗ ಕಣ್ಣಿಗೆ ಕಾಣದ ಹನಿಗಳು ಸಿಡಿದು ಟ್ಯೂಬಿನ ಗೋಡೆಗೆ ಅಂಟುತ್ತವೆ, ಅಲ್ಲಿಂದ ಅವು ಹೋಗುವುದಿಲ್ಲ. ಗಾಳಿ ಒಳಬರುವ ಟ್ಯೂಬಿನ ತುದಿ ದ್ರವದಿಂದ ಕನಿಷ್ಠ 10 ಮಿ.ಮೀ. ಮೇಲೆ ಇರಲಿ.

ಹರಿವು: ಮಧ್ಯದ ಶುದ್ಧ ಗಾಳಿ ನಿಮಿಷಕ್ಕೆ 2 ಲೀಟರ್, ಶೀಶೆಯ ಮೂಲಕ 0.2 ಲೀಟರ್. ಎರಡು ಕವಲಿಗೂ ಒಂದೊಂದು ಸೂಜಿ ವಾಲ್ವ್ ಹಾಕಿ, ಗಾಳಿಯ ಹರಿವು ತೋರಿಸುವ ಸಣ್ಣ ರೋಟಾಮೀಟರಿನಲ್ಲಿ ನೋಡಿ ಹೊಂದಿಸಿ. 75 ಮಿ.ಮೀ. ಆಲಿಕೆಯೊಳಗೆ 100 ಮಿ.ಲೀ. ಹತ್ತಿರ ಗಾಳಿ ಇರುತ್ತದೆ. ನಿಮಿಷಕ್ಕೆ 2 ಲೀಟರಿನಲ್ಲಿ ಅದು ಮೂರು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಐದು ಸಲ ಬದಲಾದರೆ ಉಳಿಯುವುದು ನೂರರಲ್ಲಿ ಒಂದಕ್ಕಿಂತ ಕಡಿಮೆ. ಹಾಗಾಗಿ 15 ಸೆಕೆಂಡು ಸಾಕೆನ್ನಿಸಿದರೂ 20 ಇಡಿ, ಕೆಲವು ಮಸ್ಕ್‌ಗಳು ಗಾಜನ್ನೂ ಅಷ್ಟು ಬೇಗ ಬಿಡುವುದಿಲ್ಲ.

ಲಾವಂಚ

ಗಾಳಿಗಂಡಿಯವರು ಕೊಳವೆಯ ಕಡೆಯಿಂದ ಹೇಳಿದರು, ನಾನು ಶೀಶೆಯೊಳಗಿನದನ್ನು ಹೇಳುತ್ತೇನೆ. ನಿಮ್ಮ ಎರಡನೇ ಮತ್ತು ಮೂರನೇ ತೊಂದರೆಗೆ ಒಂದೇ ಬೇರು: ಶೀಶೆಯಲ್ಲಿ ದ್ರವ ಸೆಂಟು ಇಟ್ಟಿರುವುದು.

ಓ ದ ಪರ್ಫ್ಯೂಮ್ ಎಂಬ ಬಗೆಯ ಸ್ಪ್ರೇ ಸೆಂಟಿನ ಬಾಟಲಿಯಲ್ಲಿ ಸುಗಂಧ ತೈಲ ಸಾಮಾನ್ಯವಾಗಿ ಶೇ. 15ರಿಂದ 20, ಉಳಿದದ್ದು ಬಹುಪಾಲು ಎಥನಾಲ್. 25 ಡಿಗ್ರಿಯಲ್ಲಿ ಎಥನಾಲ್ ಆವಿ ಒತ್ತಡ 7.9 ಕಿಲೋಪಾಸ್ಕಲ್. ಲಿಮೋನೀನ್ ಸುಮಾರು 0.2, ಹೂವಿನ ಗಂಧದ ಲಿನಲೂಲ್ ಅದರ ಹತ್ತನೇ ಒಂದು ಪಾಲು. ಶ್ರೀಗಂಧದ ಸ್ಯಾಂಟಲಾಲ್, ಮಸ್ಕ್ ಇವೆಲ್ಲ ಅದಕ್ಕಿಂತ ಎಷ್ಟೋ ಕೆಳಗೆ. ಅಂದರೆ ಶೀಶೆಯ ಮೇಲ್ಭಾಗದ ಗಾಳಿಯಲ್ಲಿ ಇರುವುದು ಮುಖ್ಯವಾಗಿ ಸ್ಪಿರಿಟ್ಟೇ. ಚರ್ಮದ ಮೇಲೆ ಹಾಕಿಕೊಂಡಾಗ ಆ ಸ್ಪಿರಿಟ್ ಅರ್ಧ ನಿಮಿಷದಲ್ಲಿ ಹಾರಿಹೋಗುತ್ತದೆ, ಜನ ಸೆಂಟು ಅಂತ ಗುರುತಿಸುವುದು ಅದಾದ ಮೇಲಿನದನ್ನು. ನಿಮ್ಮ ಯಂತ್ರ ಆ ಮೊದಲ ಅರ್ಧ ನಿಮಿಷವನ್ನೇ ಮತ್ತೆ ಮತ್ತೆ ತೋರಿಸುತ್ತಿದೆ. ಗಿರಾಕಿಗೆ ಇದು ಅನ್ಯಾಯ, ಸೆಂಟು ಮಾಡಿದವರಿಗೂ ಅನ್ಯಾಯ.

ಸಪ್ಪೆಯಾಗುವುದಕ್ಕೆ ಕಾರಣವೂ ಈ ಅಂಕಿಗಳಲ್ಲೇ ಇದೆ. ಗಾಳಿ ಹಾಯಿಸಿದಾಗಲೆಲ್ಲ ಹಗುರವಾದದ್ದು ಮೊದಲು ಹೋಗುತ್ತದೆ. ಕಿತ್ತಳೆ-ನಿಂಬೆಯ ಸೆಂಟಿನಲ್ಲಿ ಇರುವುದೇ ಹಗುರವಾದದ್ದು.

ಹೀಗೆ ಮಾಡಿ. 20 × 60 ಮಿ.ಮೀ. ಅಳತೆಯ ದಪ್ಪ ಫಿಲ್ಟರ್ ಕಾಗದದ ಪಟ್ಟಿ ಕತ್ತರಿಸಿ. ಅಚ್ಚು, ಬಣ್ಣ, ಹೊಳಪು ಇಲ್ಲದ ಕಾಗದ. ವಿಸಿಟಿಂಗ್ ಕಾರ್ಡಿನ ಕಾಗದ ಬೇಡ, ಅದಕ್ಕೆ ಅದರದೇ ವಾಸನೆ ಇರುತ್ತದೆ. ಮೈಕ್ರೋಪಿಪೆಟ್ಟಿನಿಂದ 0.2 ಮಿ.ಲೀ. ಸೆಂಟು ಪಟ್ಟಿಯ ಉದ್ದಕ್ಕೂ ಹಾಕಿ. ಸ್ಪ್ರೇಯಿಂದ ಹಾಕಬೇಡಿ, ಒಂದು ಪ್ರೆಸ್‌ಗೆ 0.07ರಿಂದ 0.14 ಮಿ.ಲೀ.ವರೆಗೆ ಏನು ಬೇಕಾದರೂ ಬರುತ್ತದೆ. ಬೇರೆ ಕೋಣೆಯಲ್ಲಿ ಕ್ಲಿಪ್ಪಿಗೆ ನೇತುಹಾಕಿ ಹತ್ತು ನಿಮಿಷ ಬಿಡಿ. ಆಮೇಲೆ ಶೀಶೆಯೊಳಗೆ ಗೋಡೆಗೆ ತಾಗದಂತೆ ನಿಲ್ಲಿಸಿ ಮುಚ್ಚಿ.

ಇಲ್ಲಿ ಒಂದು ಪ್ರಾಮಾಣಿಕತೆಯ ಪ್ರಶ್ನೆ ಬರುತ್ತದೆ. ಹತ್ತು ನಿಮಿಷ ಆರಿದ ಪಟ್ಟಿಯಲ್ಲಿ ಮೊದಲು ಹಾರುವ ಹಗುರ ವಾಸನೆ, ಅಂದರೆ ಟಾಪ್ ನೋಟ್‌ನ ಒಂದು ಭಾಗ ಹೋಗಿರುತ್ತದೆ, ಕೊನೆಗೆ ಉಳಿಯುವ ಭಾರದ ವಾಸನೆ, ಅಂದರೆ ಬೇಸ್ ನೋಟ್, ಇನ್ನೂ ಮೇಲೆ ಬಂದಿರುವುದಿಲ್ಲ. ಸೆಂಟು ಒಂದೇ ವಾಸನೆಯಲ್ಲ, ಆರೇಳು ಗಂಟೆ ನಡೆಯುವ ಬದಲಾವಣೆ. ಒಂದು ಗುಂಡಿಗೆ ಒಂದು ವಾಸನೆ ಕೊಟ್ಟರೆ ಗಿರಾಕಿ ಮಧ್ಯಾಹ್ನ ಇಷ್ಟಪಟ್ಟು ಕೊಂಡದ್ದನ್ನು ರಾತ್ರಿ ಬೈದುಕೊಳ್ಳುತ್ತಾರೆ. ನನ್ನ ಸಲಹೆ: ಎಂಟು ಸೆಂಟಿನ ಆಸೆ ಬಿಡಿ. ಎಂಟು ಶೀಶೆಗೆ ನಾಲ್ಕು ಸೆಂಟು ಇಡಿ, ಒಂದೊಂದಕ್ಕೂ ಎರಡು ಶೀಶೆ. ಒಂದರಲ್ಲಿ ಹತ್ತು ನಿಮಿಷ ಆರಿದ ಪಟ್ಟಿ, ಇನ್ನೊಂದರಲ್ಲಿ ನಾಲ್ಕು ಗಂಟೆ ಆರಿದ ಪಟ್ಟಿ. ಗುಂಡಿಯ ಮೇಲೆ «ಈಗ», «ಸಂಜೆಗೆ» ಎಂದು ಬರೆಯಿರಿ.

ಪಟ್ಟಿ ಎಷ್ಟು ಸಲ ಬರುತ್ತದೆ? 0.2 ಮಿ.ಲೀ. ಸೆಂಟಿನಲ್ಲಿ ತೈಲ ಸುಮಾರು 30 ಮಿಲಿಗ್ರಾಂ. ಅದರಲ್ಲಿ ಹತ್ತನೇ ಒಂದು ಪಾಲು ಲಿಮೋನೀನ್ ಎಂದುಕೊಂಡರೆ, ಐದು ಸೆಕೆಂಡಿನ ಒಂದು ಬೀಸಿಗೆ ಹೆಚ್ಚೆಂದರೆ 0.02 ಮಿಲಿಗ್ರಾಂ ಹೋಗುತ್ತದೆ, 150 ಬೀಸಿಗೆ ಖಾಲಿ. ಆದರೆ ಕೊನೆಯ ಗಿರಾಕಿಗೂ ಮೊದಲಿನವರಿಗೆ ಬಂದದ್ದೇ ಬರಬೇಕಾದರೆ ಐದನೇ ಒಂದು ಪಾಲಿಗಿಂತ ಹೆಚ್ಚು ಕಳೆಯಬಾರದು. ಹಾಗಾಗಿ ನಿಂಬೆ ಜಾತಿಯ «ಈಗ» ಪಟ್ಟಿಗೆ 30 ಬೀಸು ಮಿತಿ. «ಸಂಜೆಗೆ» ಪಟ್ಟಿ ಇಡೀ ದಿನ ಬರುತ್ತದೆ. ಬಳಸದೇ ಇದ್ದರೂ ಎಲ್ಲ ಪಟ್ಟಿಗಳನ್ನೂ ದಿನಾ ಬೆಳಿಗ್ಗೆ ಬದಲಿಸಿ. ಲಿಮೋನೀನ್, ಲಿನಲೂಲ್ ಗಾಳಿ ತಾಗಿ ಆಕ್ಸಿಡೀಕರಣಗೊಂಡರೆ ವಾಸನೆ ಕೆಡುವುದಷ್ಟೇ ಅಲ್ಲ, ಚರ್ಮಕ್ಕೆ ಅಲರ್ಜಿ ತರುವ ಹೈಡ್ರೋಪೆರಾಕ್ಸೈಡ್‌ಗಳಾಗುತ್ತವೆ. ಹಳೇ ಪಟ್ಟಿಯನ್ನು ಯಾರೂ ಮುಂಗೈಗೆ ಉಜ್ಜಿಕೊಳ್ಳದ ಹಾಗೆ ನೋಡಿಕೊಳ್ಳಿ.

ಇನ್ನೊಂದು: ಒಂದೇ ಗುಂಡಿಯನ್ನು ತಕ್ಷಣ ಮತ್ತೆ ಒತ್ತಿದರೆ ವಾಸನೆ ಮಂಕಾಗಿ ಬರುತ್ತದೆ. ಐದು ಸೆಕೆಂಡಿನಲ್ಲಿ 17 ಮಿ.ಲೀ. ಗಾಳಿ ಹೋಯಿತು ಅಂದರೆ ಶೀಶೆಯ ಮೇಲ್ಭಾಗವೇ ಖಾಲಿಯಾದ ಹಾಗೆ. ಪಟ್ಟಿಯಿಂದ ಅದು ತಿರುಗಿ ತುಂಬಲು ಒಂದು ನಿಮಿಷ ಕೊಡಿ.

ತಾಮ್ರತಂತಿ

ಯಾರೂ ಹೇಳದ ಒಂದು ಅಪಾಯ ಇದೆ, ದಯವಿಟ್ಟು ಇದನ್ನು ಮೊದಲು ಓದಿ.

ಎಥನಾಲ್ ಆವಿ ಗಾಳಿಯಲ್ಲಿ ಶೇ. 3.3ರಿಂದ 19ರ ನಡುವೆ ಇದ್ದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ದ್ರವ ಸೆಂಟಿರುವ ಮುಚ್ಚಿದ ಶೀಶೆಯ ಮೇಲ್ಭಾಗದಲ್ಲಿ 25 ಡಿಗ್ರಿಗೆ ಅದು ಶೇ. 8ರ ಆಸುಪಾಸು. ಅಂದರೆ ನಿಮ್ಮ ಈಗಿನ ಯಂತ್ರದಲ್ಲಿ ಹೊತ್ತಿಕೊಳ್ಳಬಲ್ಲ ಮಿಶ್ರಣ ಎಂಟು ಶೀಶೆ ತುಂಬ ಇದೆ, ಮತ್ತು ಅದು ವಾಲ್ವಿನ ಕಾಯಿಲ್ ಪಕ್ಕದಲ್ಲೇ ಹಾದುಹೋಗುತ್ತಿದೆ. ಲಾವಂಚ ಅವರ ಆರಿದ ಪಟ್ಟಿಯ ಕ್ರಮಕ್ಕೆ ಬಂದರೆ ಈ ಅಪಾಯ ಬಹುಪಾಲು ಹೋಗುತ್ತದೆ. ದ್ರವ ಇಟ್ಟರೂ 2 ಲೀಟರಿಗೆ 0.2 ಲೀಟರ್ ಬೆರೆಸಿದ ಮೇಲೆ ಆಲಿಕೆಯಲ್ಲಿ ಶೇ. 0.7ರಷ್ಟೇ ಇರುತ್ತದೆ. ಆದರೂ:

ಪೆಟ್ಟಿಗೆಯನ್ನು ಎರಡು ಕೋಣೆ ಮಾಡಿ, ನಡುವೆ ಗಟ್ಟಿ ತಗಡು. ಒಂದು ಕಡೆ ಶೀಶೆ ಮತ್ತು ಆಲಿಕೆ, ಇನ್ನೊಂದು ಕಡೆ ಪಂಪು, ವಾಲ್ವ್, ಬೋರ್ಡು. ಬ್ರಷ್ ಇರುವ ಡಿಸಿ ಮೋಟಾರಿನ ಪಂಪು ಬೇಡ, ಬ್ರಷ್‌ಲೆಸ್ ತೆಗೆದುಕೊಳ್ಳಿ. ಆಲಿಕೆಯ ಬಳಿಯ ವಾಸನೆಯನ್ನು ಹೀರಿ ತೆಗೆಯುವ ಫ್ಯಾನೂ ಬ್ರಷ್‌ಲೆಸ್. ವಿದ್ಯುತ್ ಅಡಾಪ್ಟರ್ ಪೆಟ್ಟಿಗೆಯ ಹೊರಗೆ. ತುಂಬಿಸುವ ದೊಡ್ಡ ಬಾಟಲಿಗಳನ್ನು ಯಂತ್ರದ ಕೆಳಗಿನ ಕಪಾಟಿನಲ್ಲಿ ಇಡಬೇಡಿ.

ಅಲ್ಟ್ರಾಸಾನಿಕ್ ಮೆಶ್ (ಅತಿ ವೇಗವಾಗಿ ಕಂಪಿಸುವ ಜಾಲರಿ) ಹಾಕಿ ಮಂಜಿನಂತೆ ಎಬ್ಬಿಸುವ ಯೋಚನೆ ಯಾರಿಗಾದರೂ ಬಂದರೆ ಅಲ್ಲಿಗೇ ಬಿಡಿ. ಹಗುರ-ಭಾರ ಎಲ್ಲ ಒಟ್ಟಿಗೆ ಬರುತ್ತದೆ ಅನ್ನುವ ಒಂದು ಗುಣ ಅದಕ್ಕಿದೆ ನಿಜ. ಆದರೆ ಹೊತ್ತಿಕೊಳ್ಳುವ ಹನಿಗಳನ್ನು ಜನರ ಶ್ವಾಸಕೋಶಕ್ಕೆ ಕಳಿಸುವುದು ಸರಿಯಲ್ಲ.

ಸರ್ಕ್ಯೂಟ್ ಸುಲಭ. ಎಂಟು ವಾಲ್ವಿಗೆ ಒಂದು ಯುಎಲ್‌ಎನ್ 2803ಎ ಐಸಿ ಸಾಕು. ಅದರಲ್ಲಿ ಎಂಟು ಚಾನೆಲ್, ಒಂದೊಂದಕ್ಕೆ 500 ಮಿಲಿಆಂಪ್ ತನಕ, ಕಾಯಿಲ್ ಆರಿದಾಗ ಬರುವ ಹಿಮ್ಮೊಡೆತ ತಡೆಯುವ ಡಯೋಡ್ ಒಳಗೇ ಇದೆ. ಹತ್ತನೇ ಪಿನ್ನನ್ನು 12 ವೋಲ್ಟಿಗೆ ಸೇರಿಸಲು ಮರೆತರೆ ಆ ಡಯೋಡ್‌ಗಳು ಇದ್ದೂ ಇಲ್ಲದ ಹಾಗೆ, ಕೆಲವೇ ದಿನದಲ್ಲಿ ಬೋರ್ಡು ತನ್ನಷ್ಟಕ್ಕೆ ರೀಸೆಟ್ ಆಗತೊಡಗುತ್ತದೆ. ಐಸಿಯ ಅಡ್ಡ ಸುಮಾರು ಒಂದು ವೋಲ್ಟ್ ಬೀಳುತ್ತದೆ, ವಾಲ್ವಿಗೆ 11 ಮಾತ್ರ ಸಿಗುತ್ತದೆ. 11ರಲ್ಲಿ ಖಚಿತವಾಗಿ ಎಳೆಯುವ ವಾಲ್ವನ್ನೇ ಕೊಳ್ಳಿ.

ಪಂಪನ್ನು ಗುಂಡಿ ಒತ್ತಿದಾಗ ಚಾಲೂ ಮಾಡಬೇಡಿ, ಸದಾ ಓಡಲಿ. ಮಧ್ಯದ ಗಾಳಿಯ ದಾರಿ ಯಾವಾಗಲೂ ತೆರೆದೇ ಇರಬೇಕು. ಎಲ್ಲ ದಾರಿ ಮುಚ್ಚಿ ಪಂಪು ಓಡಿದರೆ ಒತ್ತಡ ಕಟ್ಟಿಕೊಂಡು, ವಾಲ್ವ್ ತೆರೆದ ಕ್ಷಣ ಶೀಶೆಯಲ್ಲಿರುವುದೆಲ್ಲ ಒಂದೇ ಸಲಕ್ಕೆ ಮುಖಕ್ಕೆ ಬಡಿಯುತ್ತದೆ, ಉಳಿದ ನಾಲ್ಕು ಸೆಕೆಂಡು ಏನೂ ಇರುವುದಿಲ್ಲ. ನಿಮ್ಮ «ಮೊದಲು ಘಾಟು» ಅನ್ನುವುದರಲ್ಲಿ ಇದರ ಪಾಲೂ ಇರಬಹುದು.

ಪ್ರೋಗ್ರಾಮಿನ ಕ್ರಮ: ಗುಂಡಿ ಒತ್ತಿದ ಮೇಲೆ ಹೀರುವ ಫ್ಯಾನ್ ಶೇ. 30ಕ್ಕೆ ಇಳಿಯಲಿ, ವಾಲ್ವ್ 5 ಸೆಕೆಂಡು ತೆರೆಯಲಿ, ಮುಚ್ಚಿದ ಕೂಡಲೇ ಫ್ಯಾನ್ ಪೂರ್ತಿ ವೇಗಕ್ಕೆ ಹೋಗಿ 20 ಸೆಕೆಂಡು ಓಡಲಿ. ಅಷ್ಟು ಹೊತ್ತು ಎಲ್ಲ ಗುಂಡಿಯೂ ನಿಷ್ಕ್ರಿಯ, ಕೆಂಪು ದೀಪ. ಹಸಿರು ಬಂದ ಮೇಲೆ ಮುಂದಿನದು, ಆದರೆ ಅದೇ ಗುಂಡಿಗೆ ಒಂದು ನಿಮಿಷ. ಮೂಸುವಾಗ ಫ್ಯಾನ್ ಪೂರ್ತಿ ವೇಗದಲ್ಲಿದ್ದರೆ ವಾಸನೆ ಮೂಗಿಗೆ ಸಿಗುವ ಮೊದಲೇ ಅದು ಎಳೆದುಕೊಂಡು ಹೋಗುತ್ತದೆ, ಈ ತಪ್ಪು ಸಾಮಾನ್ಯ. ಒಂದೊಂದು ಚಾನೆಲ್ಲಿನ ಎಣಿಕೆಯನ್ನು ವಿದ್ಯುತ್ ಹೋದರೂ ಮಾಹಿತಿ ಉಳಿಯುವ ಈಪ್ರಾಮ್‌ನಲ್ಲಿ ಇಟ್ಟುಕೊಂಡು, 30 ಆದಾಗ ಪಟ್ಟಿ ಬದಲಿಸಲು ಹೇಳುವ ದೀಪ ಹಾಕಿ.

ಸೂಜಿಮಲ್ಲಿಗೆ

ಎಲ್ಲರಿಗೂ ತುಂಬಾ ಧನ್ಯವಾದ. ಟ್ಯೂಬು, ಆಲಿಕೆ, ವಾಲ್ವಿನ ಜಾಗ ಬದಲಿಸಿದ್ದೇನೆ. ಪಟ್ಟಿಯ ಕ್ರಮಕ್ಕೂ ಬಂದಿದ್ದೇನೆ. ಸ್ಪಿರಿಟ್ ಘಾಟು ಪೂರ್ತಿ ಹೋಗಿದೆ, ಕಲಬೆರಕೆ ಬಹುಪಾಲು ಕಡಿಮೆ. ಇನ್ನು ಮೂರು ಪ್ರಶ್ನೆ. ನಾಲ್ಕರಲ್ಲಿ ಒಂದು ಜಾಗ ಅತ್ತರಿಗೆ ಕೊಡಬೇಕೆಂದಿದೆ, ಶ್ರೀಗಂಧದ ಎಣ್ಣೆಯ ತಳದ ಮೇಲೆ ಇಳಿಸಿದ ಗುಲಾಬಿ ಅತ್ತರು. ಅದರ ಪಟ್ಟಿಯಿಂದ ವಾಸನೆಯೇ ಏಳುತ್ತಿಲ್ಲ. ಎರಡನೆಯದು, ಮೂಗು ಎಷ್ಟು ದೂರ ಇರಬೇಕು? ಹತ್ತಿರ ಬಂದರೆ ಒಂದು ಥರ, ದೂರ ನಿಂತರೆ ಇನ್ನೊಂದು ಥರ. ಮೂರನೆಯದು, ಕಲಬೆರಕೆ ನಿಜಕ್ಕೂ ಹೋಗಿದೆಯೋ ನನ್ನ ಮೂಗು ಒಗ್ಗಿಹೋಗಿದೆಯೋ ತಿಳಿಯುವುದು ಹೇಗೆ?

ಅತ್ತರ್‌ಶೀಶೆ

ಮೇಡಂ, ಅತ್ತರನ್ನು ಸ್ಪ್ರೇ ಸೆಂಟಿನ ಹಾಗೆ ನೋಡಬೇಡಿ. ಉತ್ತರ ಪ್ರದೇಶದ ಕನ್ನೌಜಿನಲ್ಲಿ ದೇಗ್-ಭಪ್ಕಾ ಕ್ರಮದಲ್ಲಿ ತಾಮ್ರದ ಹಂಡೆಯಿಂದ ಹೂವಿನ ಆವಿಯನ್ನು ನೇರವಾಗಿ ಶ್ರೀಗಂಧದ ಎಣ್ಣೆಯೊಳಕ್ಕೆ ಇಳಿಸುತ್ತಾರೆ. ಅದರಲ್ಲಿ ಸ್ಪಿರಿಟ್ ಇಲ್ಲ. ವಾಸನೆಯನ್ನು ಎತ್ತಿಕೊಂಡು ಹಾರುವ ವಸ್ತುವೇ ಇಲ್ಲ, ಬದಲಿಗೆ ಹಿಡಿದು ಕೂರಿಸುವ ವಸ್ತುವಿದೆ. ಐಎಸ್‌ಒ 3518 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ನಮ್ಮ ಶ್ರೀಗಂಧದ ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಶೇ. 16ರಿಂದ 24 ಇರಬೇಕು. ಎರಡೂ ಕುದಿಯುವುದು 300 ಡಿಗ್ರಿಯ ಆಸುಪಾಸಿನಲ್ಲಿ. 25 ಡಿಗ್ರಿಯ ಶೀಶೆಯಲ್ಲಿ ಅದು ಸುಮ್ಮನೆ ಕೂತಿರುತ್ತದೆ.

ಅತ್ತರು ಮೈಮೇಲೆ ಏಳುವುದು ಮೈಯ ಬಿಸಿಗೆ. ಚರ್ಮದ ಮೇಲ್ಮೈ 32ರಿಂದ 34 ಡಿಗ್ರಿ ಇರುತ್ತದೆ. ನೀವೂ ಅದೇ ಬಿಸಿ ಕೊಡಿ, ಸ್ವಲ್ಪ ಮೇಲೆ 36ರ ತನಕ ಹೋಗಬಹುದು. 45 ದಾಟಿಸಿದರೆ ವಾಸನೆಯ ಹದವೇ ಬೇರೆಯಾಗಿ, ಮೈಮೇಲೆ ಎಂದೂ ಬರದ ಒಂದು ಭಾರದ ಗಂಧ ಮುಂದೆ ಬರುತ್ತದೆ. ಗಿರಾಕಿಗೆ ಸುಳ್ಳು ತೋರಿಸಿದ ಹಾಗಾಗುತ್ತದೆ.

ಮಾಡುವ ರೀತಿ: 30 ಮಿ.ಮೀ. ಅಗಲದ ಅಲ್ಯೂಮಿನಿಯಂ ತುಂಡು, ಕೆಳಗೆ 12 ವೋಲ್ಟಿನ ಸಣ್ಣ ಹೀಟರ್ ಪ್ಯಾಡ್, ಪಕ್ಕದಲ್ಲಿ ಕೊರೆದು ಬಿಸಿ ಅಳೆಯುವ 10 ಕಿಲೋ ಓಮ್ ಥರ್ಮಿಸ್ಟರ್. ಮೇಲೆ ಮೆರುಗು ಹಾಕದ ಸೆರಾಮಿಕ್ ಬಿಲ್ಲೆ. ಗಾಜಿನ ಕಡ್ಡಿಯಿಂದ ಬಿಲ್ಲೆಗೆ ಒಂದೇ ಹನಿ. ಹೀಟರಿನ ಜೊತೆಗೆ 60 ಡಿಗ್ರಿಗೆ ಕಡಿದುಹೋಗುವ ಥರ್ಮಲ್ ಕಟಾಫ್ ಸರಣಿಯಲ್ಲಿರಲಿ, ಥರ್ಮಿಸ್ಟರ್ ಕೈಕೊಟ್ಟರೆ ಅದೇ ಗತಿ. ಈ ಬಿಸಿ ತುಂಡಿನ ಹತ್ತಿರ ಸ್ಪಿರಿಟ್ ಇರುವ ಯಾವ ಶೀಶೆಯೂ ಬೇಡ.

ಟ್ಯೂಬು ಮಾತ್ರ ಇದಕ್ಕೆ ಬಳಸಲೇಬೇಡಿ. 36 ಡಿಗ್ರಿಯ ಬಿಲ್ಲೆಯಿಂದ ಎದ್ದ ಸ್ಯಾಂಟಲಾಲ್ 25 ಡಿಗ್ರಿಯ ಟ್ಯೂಬಿನೊಳಗೆ ಹೋದ ಕೂಡಲೇ ಗೋಡೆಗೆ ಇಬ್ಬನಿಯಂತೆ ಕೂರುತ್ತದೆ. ಟೆಫ್ಲಾನ್ ಆದರೂ ಕೂರುತ್ತದೆ, ಅದು ಹೀರುವಿಕೆಯಲ್ಲ, ತಣಿದು ಸೇರುವುದು. ಬಿಲ್ಲೆಯ ನೇರ ಮೇಲೆ 30 ಮಿ.ಮೀ. ಒಳಗೆ ಪ್ರತ್ಯೇಕ ಸಣ್ಣ ಆಲಿಕೆ ಇಟ್ಟುಬಿಡಿ. ಅತ್ತರಿಗೆ ಪ್ರತ್ಯೇಕ ಬಾಯಿ ಇದ್ದರೆ ಸೆಂಟಿನ ಕಡೆಗೆ ಅದು ಹಬ್ಬುವ ಭಯವೂ ಇಲ್ಲ.

ಗಾಜಿನಗೂಡು

ದೂರದ ಪ್ರಶ್ನೆಗೆ: ಮನುಷ್ಯ ಮೂಸುವಾಗ ಗಾಳಿ ಎಳೆದುಕೊಳ್ಳುವ ವೇಗ ನಿಮಿಷಕ್ಕೆ ಸುಮಾರು 30 ಲೀಟರ್. ನಿಮ್ಮ ಆಲಿಕೆ ಕೊಡುತ್ತಿರುವುದು 2.2. ಉಳಿದದ್ದು ಅಂಗಡಿಯ ಗಾಳಿ. ಮೂಗು ಒಂದೆರಡು ಸೆಂ.ಮೀ. ಹಿಂದೆ ಸರಿದರೂ ಬೆರಕೆಯ ಪ್ರಮಾಣ ಬದಲಾಗುತ್ತದೆ, ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಥರ. ಆಲಿಕೆಯ ಅಂಚಿನಿಂದ 3 ಸೆಂ.ಮೀ. ಮೇಲೆ ಗಲ್ಲ ಅಥವಾ ಹಣೆ ತಾಗಿಸುವ ಒಂದು ಸ್ಟೀಲ್ ಕಂಬಿ ಇಡಿ, ಎಲ್ಲರ ಮೂಗೂ ಒಂದೇ ಜಾಗಕ್ಕೆ ಬರುತ್ತದೆ. ದಿನಕ್ಕೆ ಎರಡು ಸಲ ಅದನ್ನು ವಾಸನೆಯಿಲ್ಲದ ಸೋಪಿನ ನೀರಿನಲ್ಲಿ ಒರೆಸಿ. ಸ್ಯಾನಿಟೈಸರ್ ಬೇಡ, ಮತ್ತೆ ಸ್ಪಿರಿಟ್ ವಾಸನೆ.

ಆದರೆ ನನ್ನದೊಂದು ಭಿನ್ನಮತ ಇದೆ. ಗಂಟೆಗೆ ಇಪ್ಪತ್ತು ಜನ ಬರದ ಅಂಗಡಿಗೆ ಪಂಪು, ವಾಲ್ವ್, ಬೋರ್ಡು ಯಾವುದೂ ಬೇಕಿಲ್ಲ. ಪ್ಯಾರಿಸ್ಸಿನಲ್ಲಿ 2000ರಲ್ಲಿ ತೆರೆದ ಫ್ರೆಡೆರಿಕ್ ಮಾಲ್ ಸುಗಂಧದ ಅಂಗಡಿಯಲ್ಲಿ ತಲೆ ಒಳಗಿಟ್ಟು ಮೂಸುವ ಗಾಜಿನ ಕಂಬಗಳನ್ನು ಇಟ್ಟಿದ್ದರು. ಅದರ ಸಣ್ಣ ರೂಪವನ್ನು ಯಾರು ಬೇಕಾದರೂ ಮಾಡಬಹುದು. 100 ಮಿ.ಮೀ. ಗಾಜಿನ ಆಲಿಕೆ ಬೋರಲು ಹಾಕಿ, ಕೆಳಗೆ ಗಾಜಿನ ತಟ್ಟೆಯಲ್ಲಿ ಲಾವಂಚ ಅವರು ಹೇಳಿದ ಆರಿದ ಪಟ್ಟಿ. ಗಿರಾಕಿ ಆಲಿಕೆಯನ್ನು ಎತ್ತಿ ಒಳಬದಿಯನ್ನು ಮೂಸಿ ವಾಪಸ್ ಇಡುತ್ತಾರೆ. ಗಾಜಿನ ಒಳಗೋಡೆಯಲ್ಲಿ ನಿಂತ ಆವಿಯೇ ಸಾಕು. ಕಲಬೆರಕೆ ಆಗುವ ಮಾತೇ ಇಲ್ಲ, ಏಕೆಂದರೆ ಒಂದಕ್ಕೊಂದು ಸೇರುವ ದಾರಿಯೇ ಇಲ್ಲ. ರಾತ್ರಿ ತೊಳೆದು ಒಣಗಿಸಿದರೆ ಮುಗಿಯಿತು. ಯಂತ್ರ ಗೆಲ್ಲುವುದು ಎರಡು ಕಡೆ: ಪ್ರಮಾಣ ಪ್ರತಿ ಸಲ ಒಂದೇ ಇರುತ್ತದೆ, ಮತ್ತು ಅವಸರದ ಗಿರಾಕಿಯನ್ನು 20 ಸೆಕೆಂಡು ಕಾಯಿಸುತ್ತದೆ. ಆ ಕಾಯಿಸುವಿಕೆ ಸಣ್ಣ ಲಾಭವಲ್ಲ. ಕೈಯಲ್ಲಿ ಪಟ್ಟಿ ಕೊಟ್ಟರೆ ಜನ ಒಂದರ ಹಿಂದೆ ಒಂದು ಮೂಸಿ ಮೂಗು ಮಂಕು ಮಾಡಿಕೊಳ್ಳುತ್ತಾರೆ. ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಬೇಡ. ನಿಂಬೆ, ಹೂವು, ಮರ, ಊದ್, ಈ ಕ್ರಮದಲ್ಲಿ ಹಗುರದಿಂದ ಭಾರಕ್ಕೆ.

ನಡುವೆ ಕಾಫಿ ಬೀಜ ಮೂಸಲು ಕೊಡುವ ಪದ್ಧತಿ ಬಿಡಿ. ಕಾಫಿಯೂ ಒಂದು ಗಾಢವಾದ ವಾಸನೆಯೇ, ಅದು ಮೂಗನ್ನು ತೊಳೆಯುವುದಿಲ್ಲ. ಆಲಿಕೆಯಿಂದ ಬರುವ ಶುದ್ಧ ಗಾಳಿ ನಿಮ್ಮಲ್ಲಿ ಇದ್ದೇ ಇದೆಯಲ್ಲ.

ಯಾವ ಯಂತ್ರವೂ ಕೊನೆಯ ಮಾತು ಹೇಳಲಾರದು, ಅವರವರ ಚರ್ಮವೇ ಹೇಳಬೇಕು. ಅಂತಿಮವಾಗಿ ಇಷ್ಟವಾದ ಒಂದರ 2 ಮಿ.ಲೀ. ಸ್ಪ್ರೇ ಶೀಶೆಯನ್ನು ಸಣ್ಣ ಬೆಲೆಗೆ ಮನೆಗೆ ಕೊಡಿ. 25 ಪ್ರೆಸ್‌ನಷ್ಟು ಬರುತ್ತದೆ. ಅಲರ್ಜಿ ಇರುವವರು ಮುಂಗೈಗೆ ಹಾಕಿ ಒಂದು ದಿನ ನೋಡಲೂ ಆಗುತ್ತದೆ.

ಲಾವಂಚ

ಮೂರನೇ ಪ್ರಶ್ನೆಗೆ. ನಿಮ್ಮ ಮೂಗನ್ನು ನಂಬಬೇಡಿ, ಇಡೀ ದಿನ ಆ ಯಂತ್ರದ ಮುಂದೆ ಇದ್ದವರ ಮೂಗು ಸಾಕ್ಷಿಗೆ ಬರುವುದಿಲ್ಲ. ತ್ರಿಕೋನ ಪರೀಕ್ಷೆ ಮಾಡಿ. ಹೊರಗಿನ 12 ಜನರನ್ನು ಕರೆಯಿರಿ. ಖಾಲಿ ಶೀಶೆ ಹಾಕಿದ ಒಂದು ಚಾನೆಲ್ ಇಟ್ಟುಕೊಳ್ಳಿ. ಒಬ್ಬೊಬ್ಬರಿಗೂ ಮೂರು ಬೀಸು ಕೊಡಿ. ಎರಡು ಸಲ ಖಾಲಿ ಚಾನೆಲ್ಲಿನದು, ಯಂತ್ರ ಬಹಳ ಹೊತ್ತು ಸುಮ್ಮನಿದ್ದ ಮೇಲೆ. ಒಂದು ಸಲ ಅದೇ ಖಾಲಿ ಚಾನೆಲ್, ಆದರೆ ಊದ್ ಹೊಡೆದು 20 ಸೆಕೆಂಡು ತೊಳೆದ ಮೇಲೆ. ಊದ್ ಹೊಡೆಯುವಾಗ ಅವರು ಹೊರಗಿರಬೇಕು. ಕ್ರಮ ಪ್ರತಿಯೊಬ್ಬರಿಗೂ ಬದಲಿಸಿ, ಮೂರರಲ್ಲಿ ಬೇರೆ ಯಾವುದು ಎಂದು ಕೇಳಿ. ಸುಮ್ಮನೆ ಊಹಿಸಿದರೂ ನಾಲ್ಕು ಜನ ಸರಿ ಹೇಳುತ್ತಾರೆ. 12ರಲ್ಲಿ 8 ಅಥವಾ ಹೆಚ್ಚು ಜನ ಸರಿ ಹೇಳಿದರೆ ಕಲಬೆರಕೆ ಬಹುತೇಕ ಖಂಡಿತ ಇದೆ, ತೊಳೆಯುವ ಸಮಯವನ್ನು 40 ಸೆಕೆಂಡಿಗೆ ಏರಿಸಿ ಮತ್ತೆ ಮಾಡಿ. ಆಗಲೂ ಇಳಿಯದಿದ್ದರೆ ಎಲ್ಲೋ ಒಂದು ರಬ್ಬರ್ ಚೂರು ವಾಸನೆಯ ದಾರಿಯಲ್ಲಿ ಉಳಿದಿದೆ. ಹೆಚ್ಚಾಗಿ ಶೀಶೆಯ ಮುಚ್ಚಳದ ಒಳಗಿನ ಬಿಲ್ಲೆ. ಟೆಫ್ಲಾನ್ ಮುಖ ಕೆಳಗಿರುವ ಹಾಗೆ ತಿರುಗಿಸಿ ಹಾಕಿದ್ದೀರಾ ನೋಡಿ.

ತೊಳೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ವಾರಕ್ಕೊಮ್ಮೆ ಗಾಜನ್ನೆಲ್ಲ ಎಥನಾಲಿನಲ್ಲಿ ಜಾಲಿಸಿ, ಸ್ಪಿರಿಟ್ ಪೂರ್ತಿ ಆರಿದ ಮೇಲೆ ಮಾತ್ರ ಓವನ್ನಿನಲ್ಲಿ 120 ಡಿಗ್ರಿಗೆ ಒಂದು ಗಂಟೆ ಇಡಿ. ಟೆಫ್ಲಾನ್ ಟ್ಯೂಬಿಗೆ ಎಥನಾಲ್ ಹಾಯಿಸಿ, ರಾತ್ರಿ ಇಡೀ ಗಾಳಿ ಬಿಡಿ. ಸೆಂಟು ಬದಲಿಸುವಾಗ ಆ ಚಾನೆಲ್ಲಿನ ಟ್ಯೂಬನ್ನು ತೊಳೆಯುವ ಬದಲು ಹೊಸದೇ ಹಾಕಿ, 15 ಸೆಂ.ಮೀ.ಗೆ ಜಿಪುಣತನ ಬೇಡ. ಪಂಪಿನ ಮುಂದಿನ ಇದ್ದಿಲಿನ ಫಿಲ್ಟರ್ ಮಳೆಗಾಲದಲ್ಲಿ ತೇವ ಹೀರಿ ಬೇಗ ದಣಿಯುತ್ತದೆ. ಮೈಸೂರಿನಲ್ಲಿ ಎರಡು ತಿಂಗಳಿಗೊಮ್ಮೆ ಬದಲಿಸಿದರೆ ನಡೆಯುತ್ತದೆ. ಇದೇ ಯಂತ್ರ ಮಂಗಳೂರಿಗೆ ಹೋದರೆ ಇದ್ದಿಲಿನ ಮುಂಚೆ ಸಿಲಿಕಾ ಜೆಲ್ ಡಬ್ಬಿ ಇಡಿ, ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಕಲಬುರಗಿಯ ಬೇಸಿಗೆಗಾದರೆ ಶೀಶೆಯ ಗಾಳಿಯನ್ನು 0.2ರಿಂದ 0.1 ಲೀಟರಿಗೆ ಇಳಿಸಬೇಕಾಗುತ್ತದೆ. ಹತ್ತು ಡಿಗ್ರಿ ಏರಿದರೆ ಆವಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಮೈಸೂರಿನಲ್ಲಿ ಹೊಂದಿಸಿ ಕಳಿಸಿದ ಯಂತ್ರ ಅಲ್ಲಿ ತಲೆನೋವು ತರಿಸುತ್ತದೆ.